ಗಾಳಿ ನಿಂತ ಹೊತ್ತು

ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಹಡಗಲಿಯಿಂದ ಕೂಡ್ಲಿಗಿ ಕಡೆಗೆ ಸಸಿ ತರಲು ಹೊರಟಿದ್ದೆ. ಹಗರಿಬೊಮ್ಮನಹಳ್ಳಿ ದಾಟಿ ಸ್ವಲ್ಪ ದೂರ ಹೋಗಿದ್ದೆವಷ್ಟೆ, ರಸ್ತೆ ಬದಿಯ ಬದುವಿಗೆ ಯಾರೋ ಬೆಂಕಿ ಹಾಕಿದ್ದರು. ಒಣಹುಲ್ಲು ಸುಟ್ಟ ವಾಸನೆ ಟೆಂಪೊದೊಳಗೆ ಬಂದಿದ್ದೇ ತಡ, ನನ್ನ ಕೈ ತಾನಾಗಿಯೇ ಕಿಟಕಿಯ ಗಾಜು ಏರಿಸಿತು. ಡ್ರೈವರ್ ಮಂಜಣ್ಣ ನಕ್ಕ.

“ಏನ್ರೀ ಮೇಡಂ, ಫಾರೆಸ್ಟ್‌ನ್ಯಾಗಿದ್ದು ಹೊಗಿಗೆ ಹೆದರ್ತೀರಲ್ಲ?”

ಹೊಗೆಗೆ ಹೆದರುವವಳಲ್ಲ ನಾನು. ಈಗ ನಾನೇ ಒಂದು ಶಾಖೆಯ ಫಾರೆಸ್ಟರ್, ಬೇಸಿಗೆ ಬಂತೆಂದರೆ ವಾರಕ್ಕೆರಡು ಸಲ ಹೊಗೆ ಕುಡಿಯುತ್ತೇನೆ. ಆದರೆ ಆ ದಾರಿಯಲ್ಲಿ ಆ ವಾಸನೆ ಬಂದರೆ ನಾನು ಮತ್ತೆ ಇಪ್ಪತ್ತೈದರ ಹುಡುಗಿಯಾಗುತ್ತೇನೆ, ಕಾಲಿಗೆ ದೊಡ್ಡ ಬೂಟು, ಕೈಯಲ್ಲಿ ಒಂದು ಕಡ್ಡಿಪೆಟ್ಟಿಗೆ. ಹನ್ನೊಂದು ವರ್ಷವಾದರೂ ಆ ಬೇಸಿಗೆ ನನ್ನನ್ನು ಬಿಟ್ಟಿಲ್ಲ. ಸಸಿ ತರಲು ಹೋಗುತ್ತಿದ್ದ ನರ್ಸರಿಯೂ ಅದೇ ಗುಡ್ಡದ ಬುಡದ್ದು. ಗುಡ್ಡದ ಹೆಸರು ಹೇಳುವುದಿಲ್ಲ. ಆ ಕಡೆಯವರಿಗೆ ಹೇಳದಿದ್ದರೂ ಗೊತ್ತಾಗುತ್ತದೆ, ಬೇರೆಯವರಿಗೆ ಗೊತ್ತಾಗಿ ಆಗಬೇಕಾದ್ದೇನೂ ಇಲ್ಲ.

ಗಾರ್ಡ್ ಆಗಿ ಅಲ್ಲಿಗೆ ಹೋದಾಗ ಆ ಶಾಖೆಗೆ ನಾನೇ ಮೊದಲ ಹೆಣ್ಣು. ನಮ್ಮ ಮನೆ ಹಗರಿಬೊಮ್ಮನಹಳ್ಳಿ ಸ್ಟೇಷನ್ ಹಿಂದಿನ ಓಣಿಯಲ್ಲಿ. ಅಪ್ಪ ಟೈಲರ್, ಅಮ್ಮ ಅಂಗನವಾಡಿಯಲ್ಲಿ ಸಹಾಯಕಿ. ಆರ್ಡರ್ ಬಂದ ದಿನ ಅಮ್ಮ ಮನೆಯ ಬುದ್ಧನ ಪಟದ ಮುಂದೆ ಆ ಕಾಗದ ಇಟ್ಟು, ಓಣಿಗೆಲ್ಲ ಸಕ್ಕರೆ ಹಂಚಿದಳು. ಅಪ್ಪ ನನ್ನ ಖಾಕಿ ಪ್ಯಾಂಟನ್ನು ತಾನೇ ಬಿಚ್ಚಿ ಹೊಲಿದ, ಏಕೆಂದರೆ ಸ್ಟೋರಿನಲ್ಲಿ ಕೊಟ್ಟದ್ದು ಗಂಡಸರ ಅಳತೆಯದು. ಬೂಟನ್ನು ಮಾತ್ರ ಅಪ್ಪನಿಗೂ ಹೊಲಿಯಲು ಬರುತ್ತಿರಲಿಲ್ಲ. ನನ್ನ ಪಾದ ನಾಲ್ಕನೇ ನಂಬರು, ಅಲ್ಲಿದ್ದ ಎಲ್ಲಕ್ಕಿಂತ ಚಿಕ್ಕ ಬೂಟು ಏಳು. ಮುಂಭಾಗಕ್ಕೆ ಹಳೆ ಸೀರೆಯ ಚೂರು ತುರುಕಿಕೊಂಡು ಹಾಕಿಕೊಂಡೆ.

ಫಾರೆಸ್ಟರ್ ವೀರಭದ್ರಪ್ಪನವರು ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದವರು. ಒಳ್ಳೆಯ ಮನುಷ್ಯ, ಇದನ್ನು ಈಗಲೂ ಹೇಳುತ್ತೇನೆ. ನನ್ನನ್ನು ‘ಯವ್ವಾ’ ಎಂದೇ ಕರೆಯುತ್ತಿದ್ದರು, ಮನೆಯಿಂದ ಬುತ್ತಿ ತಂದರೆ ನನಗೊಂದು ರೊಟ್ಟಿ ಹೆಚ್ಚು ಕಟ್ಟಿಸಿಕೊಂಡು ಬರುತ್ತಿದ್ದರು. ಆದರೆ ಗುಡ್ಡಕ್ಕೆ ಗಸ್ತು ಹೊರಡುವಾಗ ಮಾತ್ರ, “ನೀ ಇಲ್ಲೇ ಇರವ್ವಾ. ಕರಡಿ ಅದಾವ, ಮುಳ್ಳೈತಿ, ನಿನಗ್ಯಾಕ ಆ ತ್ರಾಸು?” ಎಂದು ಆಫೀಸಿನ ಕುರ್ಚಿ ತೋರಿಸುತ್ತಿದ್ದರು. ವಾಚರ್ ತಿಪ್ಪೇಶಿಯೂ ಹಾಗೆಯೇ, ನಾನು ಬ್ಯಾಟರಿ ಎತ್ತಿದರೂ ಕೈಯಿಂದ ಕಸಿದುಕೊಳ್ಳುವಷ್ಟು ಮರ್ಯಾದೆ. ಅವರೆಲ್ಲ ಗುಡ್ಡ ಹತ್ತಿ ಬಂದು ಹೆಜ್ಜೆ ಗುರುತು, ಕಡಿದ ಕೊಂಬೆ, ಕರಡಿ ಕೆದರಿದ ಹುತ್ತದ ಸುದ್ದಿ ಹೇಳುತ್ತಿದ್ದರು, ನಾನು ಅದನ್ನು ದುಂಡಗೆ ಬರೆಯುತ್ತಿದ್ದೆ. ನನ್ನ ಅಕ್ಷರ ಚೆನ್ನಾಗಿತ್ತು, ಅದೇ ನನಗೆ ಮುಳುವಾಯಿತು. ಆರು ತಿಂಗಳಲ್ಲಿ ನಾನು ಗಾರ್ಡ್ ಎನ್ನುವುದನ್ನು ಎಲ್ಲರೂ ಮರೆತರು. ಸಿಟ್ಟು ಮಾಡೋಣವೆಂದರೆ ಯಾರೂ ಕೆಟ್ಟ ಮಾತಾಡುತ್ತಿರಲಿಲ್ಲ. ರೊಟ್ಟಿ ಕೊಡುವವರ ಮೇಲೆ ಹೇಗೆ ಸಿಟ್ಟು ಮಾಡುವುದು?

ಆಫೀಸಿನ ಹಿಂದೆ ಪಾಯಖಾನೆ ಎಂದೊಂದು ಗೋಡೆ ಇತ್ತು, ಬಾಗಿಲಿರಲಿಲ್ಲ. ಗಂಡಸರಿಗೆ ಗುಡ್ಡವೆಲ್ಲ ಅವರದೇ. ನಾನು ಬೆಳಿಗ್ಗೆಯಿಂದ ನೀರು ಮುಟ್ಟುತ್ತಿರಲಿಲ್ಲ, ಸಂಜೆ ಹಳ್ಳಿಯ ಬಾಡಿಗೆ ಕೋಣೆಗೆ ಹೋದ ಮೇಲೆಯೇ ಕುಡಿಯುತ್ತಿದ್ದೆ. ಇದನ್ನು ಗುರುತಿಸಿದವಳು ದುರುಗಮ್ಮ. ನರ್ಸರಿಯಲ್ಲಿ ಚೀಲಕ್ಕೆ ಮಣ್ಣು ತುಂಬುವ, ಬೀಜ ಊರುವ, ನೀರು ಹಾಕುವ ಎಂಟು ಹೆಂಗಸರಲ್ಲಿ ಹಿರಿಯಳು. ಮನೆಯಲ್ಲಿ ಕುರಿ, ಎರಡೆಕರೆ ಒಣಭೂಮಿ, ಹಣೆಯ ಮೇಲೆ ಯಾವಾಗಲೂ ಅರಿಸಿನದ ಭಂಡಾರ. ಎಲೆಅಡಿಕೆಯ ಸಂಚಿ ಸೊಂಟ ಬಿಟ್ಟು ಇಳಿದದ್ದು ನಾನು ನೋಡಿಲ್ಲ.

“ಗಾರ್ಡಮ್ಮ, ಇಂಥಾ ಬಿಸಲಾಗ ನೀ ಒಂದ್ ಗುಟುಕು ನೀರು ಕುಡಿಯಂಗಿಲ್ಲಲ್ಲ, ಯಾಕ?” ಎಂದಳು ಒಂದು ದಿನ. ನಾನು ತಲೆ ತಗ್ಗಿಸಿದೆ. ಅವಳಿಗೆ ಅಷ್ಟೇ ಸಾಕಾಯಿತು. ಮರುದಿನ ನರ್ಸರಿಯ ಮೂಲೆಯಲ್ಲಿ ನಾಲ್ಕು ಗೂಟ ನೆಟ್ಟು ಸುತ್ತ ಹಳೆ ಸೀರೆ ಕಟ್ಟಿದ್ದರು. ಒಳಗೆ ಒಂದು ಬಕೆಟ್ಟು, ಒಂದು ತಂಬಿಗೆ. ಅವತ್ತು ನಾನು ಎರಡು ತಂಬಿಗೆ ನೀರು ಗಟಗಟ ಕುಡಿದೆ, ಹೆಂಗಸರು ಬಿದ್ದು ಬಿದ್ದು ನಕ್ಕರು.

ಅಲ್ಲಿಂದ ನಾನು ಬಿಡುವಾದಾಗಲೆಲ್ಲ ನರ್ಸರಿಗೆ ಹೋಗುತ್ತಿದ್ದೆ. ಕಮರದ ಬೀಜ ಹೇಗೆ ಊರಬೇಕು, ಹುಣಸೆ ಸಸಿಗೆ ಎಷ್ಟು ನೀರು, ಎಲ್ಲ ಕಲಿತೆ. ಗುಡ್ಡದ ಇಳಿಜಾರಿನಲ್ಲಿ ಎರಡು ವರ್ಷದ ಹಿಂದೆ ನೆಟ್ಟ ಪ್ಲಾಂಟೇಷನ್ ಇತ್ತು, ಕಮರ, ಬೇವು, ತಪಸಿ. ಅದರ ಪ್ರತಿ ಗಿಡವೂ ಈ ಎಂಟು ಮಂದಿಯ ಕೈಯಿಂದ ಹೋದದ್ದು. ಆಚೆ ಹುಲ್ಲುಗಾವಲಿನಿಂದ ಬೆಂಕಿ ಬಾರದಂತೆ ಗಿಡಗಳ ಮೇಲ್ಬದಿಗೆ ಅಗಲವಾಗಿ ಹುಲ್ಲು ಕೆತ್ತಿ ತೆಗೆದ ದಾರಿಯಿತ್ತು. ಬೆಂಕಿ ರೇಖೆ ಎನ್ನುತ್ತೇವೆ. ಅದನ್ನು ಕೆತ್ತಿದವರೂ ಇವರೇ. ಆದರೆ ಬೆಂಕಿ ಬಿದ್ದಾಗ ಆರಿಸಲು ಹೋಗುವವರು ಮಾತ್ರ ಗಂಡಸರು. ಹೆಂಗಸರು ಕೊಡದಲ್ಲಿ ನೀರು ಹೊತ್ತು ತಂದು ಇಟ್ಟು ಇಳಿದು ಹೋಗಬೇಕು. ಹಾಗೆಂದು ಯಾವ ಕಾಗದದಲ್ಲೂ ಇರಲಿಲ್ಲ. ಎಲ್ಲರೂ ಅದನ್ನೇ ರೂಢಿ ಮಾಡಿಕೊಂಡಿದ್ದರು.

ಶಿವರಾತ್ರಿ ಕಳೆದ ಮೇಲೆ ಬಿಸಿಲು ಏರಿತು. ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗುಡ್ಡದ ನೆತ್ತಿಯ ಹತ್ತಿರ ಹೊಗೆ ಕಂಡಿತು. ಯಾರು ಹಾಕಿದರೋ, ಹೇಗೆ ಬಿತ್ತೋ, ಇವತ್ತಿಗೂ ಗೊತ್ತಿಲ್ಲ. ಅವತ್ತು ಇಬ್ಬರು ವಾಚರುಗಳು ಮದುವೆಗೆ ಕೊಟ್ಟೂರಿಗೆ ಹೋಗಿದ್ದರು. ಜನ ಸಾಲದು ಎಂದಾಗ ನಾನು ಯಾರ ಅಪ್ಪಣೆಗೂ ಕಾಯದೆ ಬೂಟು ಬಿಗಿದು ಹೊರಟೆ. ವೀರಭದ್ರಪ್ಪನವರು ಒಮ್ಮೆ ನೋಡಿದರು, ಬೇಡವೆನ್ನಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ, ಹೊಗೆ ಕಾಣುತ್ತಿದ್ದರೂ ಹಬ್ಬಕ್ಕೆ ಹೊರಟವಳ ಹಾಗೆ ಗುಡ್ಡ ಹತ್ತಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಬೆಂಕಿ ಮೇಲಿನಿಂದ ನಿಧಾನವಾಗಿ ಇಳಿಯುತ್ತಿತ್ತು. ನಾವು ರೇಖೆಯ ಮೇಲೆ ನಿಂತೆವು. ಹಿಂದೆ ಪ್ಲಾಂಟೇಷನ್, ಅದರ ಕೆಳಗೆ ನರ್ಸರಿ. ಇಂಥ ಕಡೆ ಒಂದು ಉಪಾಯವಿದೆ. ರೇಖೆಯ ಅಂಚಿನಿಂದ ನಾವೇ ಒಂದು ಬೆಂಕಿ ಹಚ್ಚಿ, ಅದನ್ನು ಬರುವ ಬೆಂಕಿಯ ಎದುರಿಗೆ ಕಳಿಸುವುದು. ನಡುವಿನ ಹುಲ್ಲು ಸುಟ್ಟುಹೋದರೆ ಎರಡೂ ತಿನ್ನಲು ಏನೂ ಸಿಗದೆ ಸಾಯುತ್ತವೆ. ಆದರೆ ಗಾಳಿ ನಮ್ಮ ಬೆನ್ನಿಗಿರಬೇಕು. ಬೆಳಿಗ್ಗೆಯಿಂದ ಹಾಗೇ ಇತ್ತು. ಒಂದು ಗಂಟೆಯ ಹೊತ್ತಿಗೆ ಗಾಳಿ ಪೂರ್ತಿ ನಿಂತಿತು, ಒಂದು ಎಲೆಯೂ ಅಲುಗಲಿಲ್ಲ.

“ಇದೇ ಟೈಮು,” ಎಂದರು ವೀರಭದ್ರಪ್ಪನವರು. “ಗಾಳಿ ಇಲ್ಲ, ಕೈಯಾಗ ಇರ್ತೈತಿ ಬೆಂಕಿ.”

ದುರುಗಮ್ಮ ಆಗತಾನೇ ಕೊಡ ಇಳಿಸಿದ್ದಳು. ಇಳಿದು ಹೋಗದೆ ಅಲ್ಲೇ ನಿಂತಿದ್ದಳು. ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಲೆಯ ಮಟ್ಟಕ್ಕೆ ಎತ್ತಿ, ಅದನ್ನೇ ನೋಡುತ್ತಿದ್ದಳು.

“ತಡೀರಿ ಸಾಹೇಬ್ರ,” ಎಂದಳು. “ಗಾಳಿ ಹೋಗಿಲ್ಲ, ನಿಂತೈತಿ. ತಿರಗಾಕ ನಿಂತೈತಿ ಅದು. ಕಣದಾಗ ಕಾಳು ತೂರೋ ಮುಂದ ಹಿಂಗ ನಿಂತ್ರ ನಾವು ಮೊರ ಕೆಳಗಿಡ್ತೀವಿ. ಇಲ್ಲಂದ್ರ ಹೊಟ್ಟೆಲ್ಲ ನಮ್ಮ ಮಾರಿಗೇ ಬರ್ತೈತಿ.”

ತಿಪ್ಪೇಶಿ ನಕ್ಕ. “ಯಕ್ಕಾ, ಇದು ಜ್ವಾಳ ತೂರೋ ಕಣಲ್ಲ.”

“ನೀರು ಇಟ್ಟಿಯಲ್ಲ, ಕೆಳಗ ನಡಿಯವ್ವ. ನರ್ಸರಿ ಕೆಲಸ ಅಲ್ಲ ಇದು,” ಎಂದರು ಸಾಹೇಬರು, ಗದರಲಿಲ್ಲ, ಮೆತ್ತಗೆಯೇ.

ಅವಳು ನನ್ನ ಕಡೆ ನೋಡಿದಳು. ನಾನು ಚಿಕ್ಕಂದಿನಲ್ಲಿ ಅಜ್ಜಿಯ ಊರು ಇಟ್ಟಿಗಿಯಲ್ಲಿ ಕಣದ ಬದಿಗೆ ಕೂತು ಇದನ್ನೇ ನೋಡಿದವಳು. ಅಜ್ಜಿ ಸ್ಟೂಲಿನ ಮೇಲೆ ಮೊರ ಹಿಡಿದು ನಿಂತು, ಗಾಳಿ ನಿಂತರೆ ಕೈ ನಿಲ್ಲಿಸಿ ಕಾಯುತ್ತಿದ್ದಳು, ಆಮೇಲೆ ಸ್ಟೂಲನ್ನೇ ಆಚೆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ದುರುಗಮ್ಮ ಹೇಳುತ್ತಿರುವುದು ನಿಜವೆಂದು ನನಗೆ ಗೊತ್ತಿತ್ತು. ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ಸಾಹೇಬರು ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದು ನನ್ನ ಕೈಗಿಟ್ಟರು.

“ಹಚ್ಚು ಯವ್ವಾ. ಇವತ್ತು ನೀನೂ ನಮ್ಮ ಸರಿಸಮ.”

ಆರು ತಿಂಗಳಿಂದ ನಾನು ಕೇಳಬೇಕೆಂದಿದ್ದ ಮಾತು ಅದು. ಈಗ ‘ತಡೀರಿ ಸರ್’ ಎಂದರೆ, ಹೆಣ್ಣುಮಗಳು, ಬೆಂಕಿ ಕಂಡು ಹೆದರಿದಳು ಎನ್ನುತ್ತಾರೆ, ಮತ್ತೆ ಕುರ್ಚಿಗೇ ಕೂರಿಸುತ್ತಾರೆ. ಇಷ್ಟೆಲ್ಲ ನನ್ನ ತಲೆಯಲ್ಲಿ ಒಂದು ಕ್ಷಣದಲ್ಲಿ ಹಾದುಹೋಯಿತು. ನಾನು ದುರುಗಮ್ಮನ ಕಡೆ ನೋಡದೆ ಕಡ್ಡಿ ಗೀರಿದೆ.

ಇಪ್ಪತ್ತು ಹೆಜ್ಜೆ ಉದ್ದಕ್ಕೆ ಹಚ್ಚಿರಬೇಕು, ಗಾಳಿ ತಿರುಗಿತು. ಮೇಲಿನಿಂದ ಬಂದ ಒಂದೇ ಬೀಸಿಗೆ ನಾನು ಹಚ್ಚಿದ ಬೆಂಕಿ ನನ್ನ ಕಡೆಗೇ ಮಲಗಿತು, ರೇಖೆ ದಾಟಿತು, ಪ್ಲಾಂಟೇಷನ್ನಿಗೆ ನುಗ್ಗಿತು. ಓಡಲು ಹೋಗಿ ದೊಡ್ಡ ಬೂಟು ಕಲ್ಲಿಗೆ ಸಿಕ್ಕಿ ಮುಗ್ಗರಿಸಿ ಬಿದ್ದೆ. ಯಾರೋ ತೋಳು ಹಿಡಿದು ದರದರ ಎಳೆದರು, ಒಂದು ಬೂಟು ಅಲ್ಲೇ ಉಳಿಯಿತು. ಎಳೆದವಳು ದುರುಗಮ್ಮ. ನನ್ನನ್ನು ಬಂಡೆಯ ಮೇಲೆ ಬಿಟ್ಟು, ಕೆಳಗಿದ್ದ ಹೆಂಗಸರಿಗೆ ಕೂಗಿ ಗೋಣಿಚೀಲ ತೋಯಿಸಿ ತರಿಸಿದಳು. ಎಂಟೂ ಮಂದಿ ಸಾಲಾಗಿ ನಿಂತು ಬಡಿದರು. ಆಗ ಯಾರೂ ಅವರಿಗೆ ಕೆಳಗೆ ಹೋಗಿ ಎನ್ನಲಿಲ್ಲ. ನಾಲ್ಕು ಗಂಟೆಗೆ ಬೆಂಕಿ ಸತ್ತಾಗ ನರ್ಸರಿ ಉಳಿದಿತ್ತು. ಪ್ಲಾಂಟೇಷನ್ ಇರಲಿಲ್ಲ. ದುರುಗಮ್ಮನ ಬಲ ಮುಂಗೈ ಮೊಣಕೈವರೆಗೆ ಬೆಂದಿತ್ತು. ಒಬ್ಬಳು ಹೆಂಗಸು ಕಪ್ಪಾದ ಒಂದು ಕಮರದ ಸಸಿಯನ್ನು ಮುಟ್ಟಿ ಮುಟ್ಟಿ ಅಳುತ್ತಿದ್ದಳು. ನನಗೆ ಅಳುವುದಕ್ಕೂ ಮುಖವಿರಲಿಲ್ಲ.

ಅವತ್ತು ಸಂಜೆಯೇ ವರದಿ ಬರೆಯಬೇಕಾಯಿತು. ವೀರಭದ್ರಪ್ಪನವರ ಮುಖ ಬಿಳಿಚಿಕೊಂಡಿತ್ತು. ನಿವೃತ್ತಿಗೆ ಎರಡು ವರ್ಷ ಇದ್ದಾಗ ವಿಚಾರಣೆ ಎಂದರೆ ಪಿಂಚಣಿಗೇ ಕುತ್ತು. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ನರ್ಸರಿಯ ಕೂಲಿ ಹೆಂಗಸರು ಗುಡ್ಡದ ಮೇಲೆ ಚಹಾ ಕಾಯಿಸಲು ಒಲೆ ಹೂಡಿದ್ದರಿಂದ ಕಿಡಿ ಹಾರಿ ಬೆಂಕಿ ಹಬ್ಬಿತು, ಸಿಬ್ಬಂದಿ ಹರಸಾಹಸ ಮಾಡಿ ನಂದಿಸಿದರು. ಅಷ್ಟೇ. ‘ಹೆಂಗಸರು’ ಎಂಬ ಪದ ಬರೆಯುವಾಗ ಪೆನ್ನು ಒಮ್ಮೆ ನಿಂತಿತು.

“ಬರಿಯವ್ವ,” ಎಂದರು. “ಅವರಿಗೇನು ನೌಕ್ರಿ ಹೋಗತೈತಾ? ನಿನಗ ಹೋಗತೈತಿ. ಕಡ್ಡಿ ಗೀರಿದಾಕಿ ನೀನು.”

ಅದು ಬೆದರಿಕೆಯಲ್ಲ, ನನ್ನನ್ನು ಉಳಿಸುತ್ತಿದ್ದೇನೆ ಎಂದೇ ಅವರು ನಂಬಿದ್ದರು. ಅಮ್ಮ ಹಂಚಿದ ಸಕ್ಕರೆ ನೆನಪಾಯಿತು. ಪೂರ್ತಿ ಬರೆದು ಕೆಳಗೆ ಸಹಿ ಹಾಕಿದೆ, ಸುಜಾತಾ, ಗಸ್ತು ಅರಣ್ಯಪಾಲಕಿ.

ಮರುದಿನ ಬೆಳಿಗ್ಗೆ ನರ್ಸರಿಗೆ ಬೀಗ. ವಿಚಾರಣೆ ಮುಗಿಯುವವರೆಗೆ ಎಂಟು ಮಂದಿಯೂ ಕೆಲಸಕ್ಕೆ ಬರುವುದು ಬೇಡ, ಗುಡ್ಡದ ಹುಲ್ಲನ್ನೂ ಮುಟ್ಟುವುದು ಬೇಡ ಎಂದು ತಿಪ್ಪೇಶಿ ಹೇಳಿ ಬಂದಿದ್ದ. ಹುಲ್ಲು ಇಲ್ಲವೆಂದರೆ ಅವರ ಕುರಿಗಳು ಆ ಬೇಸಿಗೆ ಹೇಗೆ ಕಳೆಯಬೇಕು? ದುರುಗಮ್ಮ ಆಫೀಸಿನ ಕಟ್ಟೆಗೆ ಬಂದಳು, ಕೈಗೆ ಲೋಳಸರ ಹಚ್ಚಿ ಬಟ್ಟೆ ಸುತ್ತಿದ್ದಳು. ಸಾಹೇಬರು ಇನ್ನೂ ಬಂದಿರಲಿಲ್ಲ. ವರದಿ ಮೇಜಿನ ಮೇಲೆಯೇ ಇತ್ತು.

“ನಮ್ಮ ಮ್ಯಾಲ ಏನೋ ಬರದಾರಂತ,” ಎಂದಳು. “ನನಗ ಓದಾಕ ಬರಂಗಿಲ್ಲ. ನೀನ ಓದಿ ಹೇಳು ಗಾರ್ಡಮ್ಮ.”

ಓದಿದೆ. ನನ್ನ ದುಂಡು ಅಕ್ಷರವನ್ನು ನಾನೇ ಗಟ್ಟಿಯಾಗಿ ಓದಿದೆ, ಸಹಿಯನ್ನೂ ಓದಿದೆ. ಅವಳು ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಒಲಿ ಎಲ್ಲಿ ಹೂಡಿದ್ವಿ ಅಂತ ಬರದಿಲ್ಲಲ್ಲ,” ಎಂದಳು. “ಯಾರರ ಕೇಳಿದ್ರ ಜಾಗ ತೋರಸಬೇಕಲ್ಲ ನಾವು. ನೀ ಹೇಳವ್ವ, ಎಲ್ಲಿ ತೋರಸಲಿ?”

ವ್ಯಂಗ್ಯಕ್ಕೆ ಕೇಳಿದ್ದಲ್ಲ ಅದು. ನಾನು ಉಳಿಯಬೇಕಾದರೆ ಸುಳ್ಳು ಸಾಕ್ಷಿ ಹೇಳಲೂ ಅವಳು ತಯಾರಾಗಿ ಬಂದಿದ್ದಳು. ನನ್ನ ಕೆಲಸ ಹೋಗಬಾರದು ಎಂಬುದಷ್ಟೇ ಅವಳ ತಲೆಯಲ್ಲಿತ್ತು. ಅದು ಗೊತ್ತಾದ ಮೇಲೆ ನನಗೆ ತಡೆಯಲಾಗಲಿಲ್ಲ, ಅವಳ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತೆ. ಅವಳು ಸಂಚಿಯಿಂದ ಅಡಿಕೆ ಹೋಳು ತೆಗೆದು ಬಾಯಿಗಿಟ್ಟುಕೊಂಡು ಅಲ್ಲೇ ಕೂತಳು.

ಆ ಹಾಳೆ ಹರಿದು ಇನ್ನೊಂದು ಬರೆದೆ. ಬೆಂಕಿ ಮೊದಲು ಹೇಗೆ ಬಿತ್ತೆಂದು ಗೊತ್ತಾಗಿಲ್ಲ. ಎದುರು ಬೆಂಕಿ ಹಚ್ಚಿದವಳು ನಾನು. ಗಾಳಿ ತಿರುಗುತ್ತದೆ ಎಂದು ನರ್ಸರಿಯ ದುರುಗಮ್ಮ ಮೊದಲೇ ಹೇಳಿದ್ದರು, ನಾವು ಕೇಳಲಿಲ್ಲ. ನರ್ಸರಿಯನ್ನು ಉಳಿಸಿದವರು ಎಂಟು ಜನ ಹೆಣ್ಣುಮಕ್ಕಳು. ಎಂಟೂ ಹೆಸರು ಬರೆದೆ.

ವೀರಭದ್ರಪ್ಪನವರು ಬಂದು ಓದಿದರು. ಎರಡು ಸಲ ಓದಿದರು. “ನನ್ನ ಹೆಸರು ಇಲ್ಲಲ್ಲ ಇದ್ರಾಗ.”

“ನಾವು ಅಂತ ಬರದೀನ್ರಿ ಸರ್.”

“ನಿನಗ ನೌಕ್ರಿ ಬ್ಯಾಡಾತೇನವ್ವ?” ಎಂದರು. ಕಾಗದವನ್ನು ಮೇಲಿನವರಿಗೆ ಕಳಿಸಿದರು. ಅವತ್ತು ರೊಟ್ಟಿ ಕೊಡಲಿಲ್ಲ.

ನೌಕರಿ ಹೋಗಲಿಲ್ಲ. ಮೆಮೊ ಬಂತು, ಉತ್ತರ ಕೊಟ್ಟೆ. ನರ್ಸರಿಯ ಬೀಗ ತೆಗೆದರು, ಹುಲ್ಲೂ ಬಿಟ್ಟರು. ನನ್ನನ್ನು ಮಾತ್ರ ಹರಪನಹಳ್ಳಿಗೆ ಬರೆಯುವ ಕೆಲಸಕ್ಕೆ ಹಾಕಿದರು. ಅದಕ್ಕೆ ನಾನು ತಯಾರಿದ್ದೆ. ತಯಾರಿರದಿದ್ದದ್ದು ಆಮೇಲೆ ಕಿವಿಗೆ ಬಿದ್ದ ಮಾತಿಗೆ. ಹೆಣ್ಣುಮಕ್ಕಳ ಕೈಗೆ ಬೆಂಕಿ ಕೊಟ್ಟರೆ ಹೀಗೇ ಆಗುವುದು ಎಂದು ಸುತ್ತಿನ ಶಾಖೆಗಳಲ್ಲೆಲ್ಲ ಆಡಿಕೊಂಡರು. ಹಿಂದಿನ ವರ್ಷಗಳಲ್ಲಿ ಗಂಡಸರು ಹಚ್ಚಿದ ಎದುರು ಬೆಂಕಿಯೂ ತಿರುಗಿ ಬಿದ್ದದ್ದಿತ್ತು. ಆಗೆಲ್ಲ ಗಾಳಿ ಕೈಕೊಟ್ಟಿತು ಎಂದಿದ್ದರು. ನಾನು ಹಚ್ಚಿದಾಗ ಗಾಳಿಯ ತಪ್ಪು ಏನೂ ಇರಲಿಲ್ಲ, ನಾನು ಹೆಣ್ಣಾದದ್ದೇ ತಪ್ಪಾಯಿತು. ನನ್ನ ನಂತರ ಬಂದ ಹುಡುಗಿಯರನ್ನು ಎಷ್ಟೋ ಬೇಸಿಗೆ ಗುಡ್ಡ ಹತ್ತಿಸಲಿಲ್ಲವೆಂದು ಕೇಳಿದಾಗ, ನಿಜ ಬರೆದು ನಾನು ಮಾಡಿದ್ದಾದರೂ ಏನು ಎಂದು ಬಹಳ ದಿನ ಕೊರಗಿದೆ. ಸುಳ್ಳು ಬರೆದಿದ್ದರೆ ಎಂಟು ಮಂದಿಗೆ ದ್ರೋಹ, ನಿಜ ಬರೆದರೆ ಬರಲಿರುವವರಿಗೆ ತೊಡಕು. ಅವತ್ತು ರೇಖೆಯ ಮೇಲೆ ಬಾಯಿ ತೆರೆದಾಗಲೇ ಮಾತಾಡಿಬಿಡಬೇಕಿತ್ತು, ಅದೊಂದೇ ಖಾತ್ರಿ.

ಆಮೇಲೆ ಆ ನರ್ಸರಿಗೆ ಮತ್ತೆ ಕಾಲಿಟ್ಟಿರಲಿಲ್ಲ. ಟೆಂಪೊ ನರ್ಸರಿಯ ಮುಂದೆ ನಿಂತಾಗ ಮೂರು ಗಂಟೆ. ಮೊದಲು ಕಂಡದ್ದು ಆ ಮೂಲೆ. ಸೀರೆ ಕಟ್ಟಿದ್ದ ಜಾಗದಲ್ಲಿ ಇಟ್ಟಿಗೆ ಗೋಡೆ, ಕಬ್ಬಿಣದ ಬಾಗಿಲು. ನರ್ಸರಿಯಲ್ಲಿ ಯಾರೂ ಇರಲಿಲ್ಲ, ಎಲ್ಲ ಮೇಲೆ ಬೆಂಕಿ ರೇಖೆಯ ಹತ್ತಿರ ಇದ್ದರು. ಬೇಸಿಗೆಗೆ ಮುಂಚೆ ಅಂಚಿನ ಹುಲ್ಲು ಸುಡುವ ದಿನ. ಹತ್ತಿ ಹೋದೆ. ಸುಟ್ಟುಹೋಗಿದ್ದ ಇಳಿಜಾರಿನಲ್ಲಿ ಕಮರ ಮತ್ತೆ ಆಳೆತ್ತರ ನಿಂತಿತ್ತು. ಕಾವ್ಯ ಎಂಬ ಗಾರ್ಡ್ ಹುಡುಗಿ ಸೆಲ್ಯೂಟ್ ಹೊಡೆದಳು. ನಾನು ಅವಳ ಮುಖಕ್ಕಿಂತ ಮೊದಲು ಕಾಲು ನೋಡಿದೆ. ಬೂಟು ಸರಿಯಾಗಿ ಕೂತಿತ್ತು.

ಎಲ್ಲ ಸಿದ್ಧವಿತ್ತು, ಆದರೂ ಏಳೆಂಟು ಜನ ಖಾಕಿಯವರು ಸುಮ್ಮನೆ ಕೂತಿದ್ದರು. “ಯಾಕಮ್ಮ ಹಚ್ಚಿಲ್ಲ?” ಎಂದೆ.

“ಕಡ್ಡಿಪೆಟ್ಟಿಗಿ ನಮ್ಮ ಹತ್ರ ಇರಂಗಿಲ್ರಿ ಮೇಡಂ. ಅಮ್ಮನ ಸಂಚಿಯಾಗಿರ್ತೈತಿ,” ಎಂದು ಕಾವ್ಯ ಬಂಡೆಯ ಕಡೆ ಕೈ ತೋರಿಸಿದಳು. “ಮೊದಲಿದ್ದ ವೀರಭದ್ರಪ್ಪ ಸಾಹೇಬ್ರು ರಿಟೈರ್ ಆಗೋ ಮುಂದ ಎಲ್ಲರ ಎದುರಿಗೆ ಆಕಿ ಕೈಗೆ ಕೊಟ್ಟು, ಈಕಿ ಹೂಂ ಅನ್ನೋತನಕ ಯಾರೂ ಕಡ್ಡಿ ಗೀರಬ್ಯಾಡ್ರಿ ಅಂದಿದ್ರಂತ. ಆವಾಗಿಂದ ಹಿಂಗ. ಗಂಡಸರಾದ್ರೂ ಆತು, ಸಾಹೇಬ್ರಾದ್ರೂ ಆತು.”

ಬಂಡೆಯ ಮೇಲೆ ದುರುಗಮ್ಮ. ತಲೆ ಪೂರ್ತಿ ಬೆಳ್ಳಗಾಗಿತ್ತು, ಬಲ ಮುಂಗೈಯ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಸೆರಗಿನ ತುದಿ ಎತ್ತಿ ಹಿಡಿದಿದ್ದಳು. ಕಾಗದದಲ್ಲಿ ಅವಳು ಈಗಲೂ ನರ್ಸರಿ ಕೂಲಿಯೇ, ಅದನ್ನು ಆಮೇಲೆ ಕೇಳಿ ತಿಳಿದುಕೊಂಡೆ. ನನ್ನನ್ನು ನೋಡಿ ಗುರುತು ಹಿಡಿಯಲು ಅವಳಿಗೆ ಸ್ವಲ್ಪವೂ ಹೊತ್ತಾಗಲಿಲ್ಲ.

“ಬಾ ಗಾರ್ಡಮ್ಮ, ಕುಂದ್ರು. ಗಾಳಿ ಇನ್ನಾ ನಿಂತೈತಿ.”

ಪಕ್ಕದಲ್ಲಿ ಕೂತೆ. ಎಲ್ಲರೂ ಕಾಯುತ್ತಿದ್ದರು. ತುಸು ಹೊತ್ತಿಗೆ ಸೆರಗು ಅಲುಗಿತು, ಗುಡ್ಡದ ಕಡೆಗೆ ಚಾಚಿಕೊಂಡಿತು. ಅವಳು ಸಂಚಿ ಬಿಚ್ಚಿ, ಎಲೆಅಡಿಕೆಯ ನಡುವಿನಿಂದ ಕಡ್ಡಿಪೆಟ್ಟಿಗೆ ತೆಗೆದಳು. ಕಾವ್ಯ ಕೈ ಚಾಚಿ ಮುಂದೆ ಬಂದಳು.

“ನಿನಗ ನಾಳಿಗೆ,” ಎಂದು ದುರುಗಮ್ಮ ಅದನ್ನು ನನ್ನ ಕೈಗಿಟ್ಟಳು. “ಹೂಂ, ಈಗ ಗೀರು.”

ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹತ್ತಿತು. ಬಾಗಿ ಹುಲ್ಲಿಗೆ ಹಿಡಿದೆ. ಬೆಂಕಿ ಒಮ್ಮೆ ನನ್ನ ಕಡೆ ತಲೆ ಎತ್ತಿ, ಆಮೇಲೆ ಅವಳ ಸೆರಗು ತೋರಿಸಿದ ದಿಕ್ಕಿಗೇ ಹೊರಟಿತು.